ನರೆತ ತುರುಬಿನೊಳಗೆ ಕಪ್ಪು ಚೌರಿ

(ಧಾರವಾಡದ ನಮ್ಮ ಬಡಾವಣೆಯ ಮಹಿಳಾ ಮಂಡಳಿಯ ತಿಂಗಳ ಸಭೆಯಲ್ಲಿ, ವಯಸ್ಸಾದಂತೆ ಹೆಂಗಸರ ಕೂದಲು ಬದಲಾಗುವ ಬಗ್ಗೆ ಆಡಿದ ಮಾತುಗಳಿವು. ಕೇಳಿದವರ ಒತ್ತಾಯಕ್ಕೆ ಬರೆದುಕೊಟ್ಟಿದ್ದೇನೆ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ವಿಷಯ ಬಿಟ್ಟು ಅಲೆದದ್ದನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಈ ಡಬ್ಬಿಯೊಳಗಿನ ವಸ್ತುವನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತೇನೆ. ನೋಡಿ, ಮುಟ್ಟಿ, ಹಿಂದಿನವರಿಗೆ ದಾಟಿಸಿ. ಹೆದರಬೇಡಿ, ಹಾವಲ್ಲ, ನನ್ನ ಅಜ್ಜಿಯ ಚೌರಿ. ಪೇಟೆಯಲ್ಲಿ ಕೊಂಡು ತಂದದ್ದಲ್ಲ. ಇಪ್ಪತ್ತು, ಇಪ್ಪತ್ತೈದರ ಪ್ರಾಯದಲ್ಲಿ ತಲೆ ಬಾಚಿಕೊಳ್ಳುವಾಗ ಉದುರಿದ ಕೂದಲನ್ನು ಕೂಡಿಟ್ಟು, ಸಿಕ್ಕು ಬಿಡಿಸಿ, ಬುಡಕ್ಕೆ ದಾರ ಸುತ್ತಿ ಅವಳೇ ಮಾಡಿಕೊಂಡದ್ದು. ಅಜ್ಜಿ ತೀರಿಕೊಂಡದ್ದು 1981ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ. ಅಂದರೆ ನಿಮ್ಮ ಕೈಯಲ್ಲಿರುವ ಕೂದಲಿಗೆ ನೂರು ವರ್ಷದ ಹತ್ತಿರವಾಯಿತು. ತುದಿ ಸ್ವಲ್ಪ ಕಂದಿದೆ. ಉಳಿದದ್ದು ಇವತ್ತಿಗೂ ಕಪ್ಪು.

ದೀಪ ಹಚ್ಚುವುದಕ್ಕೆ ಮೊದಲೇ ತಲೆ ಬಾಚಿ ಮುಗಿಯಬೇಕು ಎಂಬುದು ಅಜ್ಜಿಯ ಕಟ್ಟುನಿಟ್ಟು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮಡಿಲಲ್ಲಿ ಕಟ್ಟಿಗೆಯ ಹಣಿಗೆ, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಹಣಿಗೆಗೆ ಬಂದ ಕೂದಲನ್ನು ತೋರುಬೆರಳಿಗೆ ಸುತ್ತಿ ಉಂಡೆ ಮಾಡಿ, ಥೂ ಥೂ ಥೂ ಎಂದು ಮೂರು ಸಲ ಉಗುಳಿ, ಗೋಡೆಯ ಮಾಡದಲ್ಲಿದ್ದ ಹಳೆಯ ಚೀಲಕ್ಕೆ ತುರುಕುತ್ತಿದ್ದಳು. ಆಮೇಲೆ ಚೌರಿಯನ್ನು ತನ್ನ ಗಿಡ್ಡ ಬಿಳಿಗೂದಲಿಗೆ ಸೇರಿಸಿ ತಿರುವಿ, ಮೇಲೆ ತನ್ನ ಕೂದಲನ್ನೇ ಹೊದಿಸಿ ಎರಡು ಪಿನ್ನು ಚುಚ್ಚಿದರೆ ತುರುಬು ಸಿದ್ಧ. ಹೊರಗೆ ಬೆಳ್ಳಿ, ಒಳಗೆ ಕಪ್ಪು. ಬೆನ್ನ ಹಿಂದೆ ನಿಂತು ಬಿಳಿಯ ಸಂದಿಯಲ್ಲಿ ಇಣುಕುವ ಕಪ್ಪನ್ನು ನೋಡುವುದು ನನ್ನ ಚಟ. ಒಮ್ಮೆ ಕೇಳಿದೆ: “ಅಜ್ಜಿ, ಒಳಗಿನದು ಯಾರ ಕೂದಲು?” “ನನ್ನದೇ. ನಿಮ್ಮಪ್ಪ ಹುಟ್ಟುವ ಮೊದಲಿನದು” ಎಂದಳು.

ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ಈ ಚೌರಿಗಿಂತ ಒಳ್ಳೆಯ ಬೋಧನಾ ಸಾಮಗ್ರಿ ನನಗೆ ಯಾವ ಪ್ರಯೋಗಾಲಯದಲ್ಲಿಯೂ ಸಿಗಲಿಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಬಣ್ಣ ತುಂಬುವ ಕೆಲಸವೆಲ್ಲ ಒಳಗೆ, ಬುಡದಲ್ಲಿ ನಡೆಯುತ್ತದೆ. ಕಪ್ಪಾಗಿ ಹುಟ್ಟಿದ ಎಳೆ ಕಪ್ಪಾಗಿಯೇ ಇರುತ್ತದೆ; ಬೆಳ್ಳಗಾಗುವುದು ಅದರ ಬುಡದಿಂದ ಮುಂದೆ ಹೊರಬರುವ ಕೂದಲು. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳನ್ನು 1793ರಲ್ಲಿ ಗಿಲೊಟಿನ್‌ಗೆ ಒಯ್ಯುವ ಹಿಂದಿನ ರಾತ್ರಿ ಅವಳ ತಲೆಗೂದಲೆಲ್ಲ ಬೆಳ್ಳಗಾಯಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಬೆಳೆದ ಕೂದಲು ಒಂದು ರಾತ್ರಿಯಲ್ಲಿ ಬಣ್ಣ ಬಿಡುವುದಿಲ್ಲ. ಆದರೆ ಒಂದು ಬಗೆಯ ಕಾಯಿಲೆಯಲ್ಲಿ ಬಣ್ಣವಿರುವ ಕೂದಲೇ ದಿಢೀರನೆ ಉದುರಿ, ನಡುವೆ ಅಡಗಿದ್ದ ಬಿಳಿಯದು ಮಾತ್ರ ಉಳಿಯುತ್ತದೆ. ನೋಡಿದವರಿಗೆ ತಲೆಯೇ ಬೆಳ್ಳಗಾದಂತೆ ಕಾಣುತ್ತದೆ.

ನಮ್ಮ ಭಾಷೆ ಈ ವಿಷಯದಲ್ಲಿ ಶ್ರೀಮಂತ. ಬೆಳ್ಳಗಾದ ಕೂದಲಿಗೆ ‘ನರೆ’ ಎಂಬ ಸ್ವಂತ ಪದವಿದೆ, ಮುಖದ ಸುಕ್ಕಿಗೆ ‘ತೆರೆ’ ಇದೆ. ಹೆರಳು, ಜಡೆ, ತುರುಬು, ಮುಡಿ, ಬೈತಲೆ, ಸಿಕ್ಕು ಎಂದು ಒಂದು ತಲೆಗೆ ಎಷ್ಟೊಂದು ಮಾತು! ಜಡೆ ಎಂಬುದು ಸಂಸ್ಕೃತದ ಜಟೆಯಿಂದ ಬಂದದ್ದು. ಕಾಡಿನ ತಪಸ್ವಿಗಳ ತಲೆಯ ಮೇಲಿದ್ದ ಮಾತು ಮೊಗ್ಗಿನ ಜಡೆಯಾಗಿ ಮದುಮಗಳ ಬೆನ್ನಿಗಿಳಿಯಿತು.

ಈಗ ಬುಡಕ್ಕೆ ಇಳಿಯೋಣ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದಕ್ಕೂ ಚರ್ಮದೊಳಗೆ ಒಂದು ಪುಟ್ಟ ಚೀಲ. ಆ ಚೀಲದ ಪಕ್ಕದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳ ಮೂಲ ದಾಸ್ತಾನು ಇರುತ್ತದೆ. ಹಳೆಯ ಕೂದಲು ಉದುರಿ ಹೊಸದು ಹುಟ್ಟುವಾಗಲೆಲ್ಲ ಅಲ್ಲಿಂದ ಒಂದಿಷ್ಟು ಕೋಶಗಳು ಇಳಿದು ಬಂದು ಮೆಲನಿನ್ ಎಂಬ ಬಣ್ಣ ತುಂಬಬೇಕು. ವಯಸ್ಸಾದಂತೆ ದಾಸ್ತಾನು ಕರಗುತ್ತದೆ, ಅಥವಾ ಕೋಶಗಳು ಇದ್ದಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಈ ಎರಡನೆಯ ಸಂಗತಿಯನ್ನು ನ್ಯೂಯಾರ್ಕಿನ ವಿಜ್ಞಾನಿಗಳು 2023ರಲ್ಲಿ ಇಲಿಗಳಲ್ಲಿ ತೋರಿಸಿದರು. ವಿಪರೀತ ಒತ್ತಡ ಬಿದ್ದರೆ ದಾಸ್ತಾನು ಬೇಗ ಖಾಲಿಯಾಗುತ್ತದೆ ಎಂದು 2020ರಲ್ಲಿ ಹಾರ್ವರ್ಡಿನವರು ಕಂಡುಕೊಂಡರು, ಅದೂ ಇಲಿಗಳಲ್ಲೇ. ಮನುಷ್ಯರ ಕೂದಲನ್ನೇ ಎಳೆ ಎಳೆಯಾಗಿ ಪರೀಕ್ಷಿಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ 2021ರ ಅಧ್ಯಯನ. ಅದರಲ್ಲಿ ಪಾಲ್ಗೊಂಡ ಒಬ್ಬರು ರಜೆಯ ಮೇಲೆ ಹೋಗಿದ್ದಾಗ ನರೆತ ಕೂದಲು ಬುಡದಿಂದ ಮತ್ತೆ ಕಪ್ಪಾಗಿ ಬೆಳೆದದ್ದು ಕಂಡುಬಂತು. ಎಷ್ಟು ಕೂದಲು ಎಂದಿರಿ? ಐದು. ಅಷ್ಟಕ್ಕಾಗಿ ಇವತ್ತೇ ಗೋಕರ್ಣಕ್ಕೆ ಟಿಕೆಟ್ ಮಾಡಿಸಬೇಡಿ.

ಬಣ್ಣದ ಸಂಗತಿ ಅಷ್ಟೇ. ಅದು ಯಾರಿಗೂ ನೋವು ಕೊಡುವುದಿಲ್ಲ. ಆದರೆ ನಮ್ಮ ದುಡ್ಡು, ಚಿಂತೆ, ಭಾನುವಾರದ ಬೆಳಗು ಎಲ್ಲವನ್ನೂ ನುಂಗುವುದು ಅದೊಂದೇ. ನಾವು ನಿಜವಾಗಿ ಕಣ್ಣಿಡಬೇಕಾದ ಬೇರೆ ಎರಡು ಬದಲಾವಣೆಗಳು ಸದ್ದಿಲ್ಲದೆ ನಡೆಯುತ್ತಿರುತ್ತವೆ.

ಒಂದು, ಬೆಳೆಯುವ ಅವಧಿ ಕುಗ್ಗುವುದು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಎಳೆ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ಮನಿದ್ದು, ಉದುರಿ, ಹೊಸದಕ್ಕೆ ಜಾಗ ಬಿಡುತ್ತದೆ. ಆರು ವರ್ಷ ಬೆಳೆದರೆ ಎಪ್ಪತ್ತು ಸೆಂಟಿಮೀಟರ್ ದಾಟಿ ಸೊಂಟ ಮುಟ್ಟುತ್ತದೆ; ಮೂರೇ ವರ್ಷಕ್ಕೆ ಉದುರಿದರೆ ಭುಜ ದಾಟಿ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಆಟ ಮುಗಿಯುತ್ತದೆ. “ಕತ್ತರಿ ತಾಗಿಸಿಯೇ ಇಲ್ಲ, ಆದರೂ ಹೆರಳು ಗಿಡ್ಡವಾಗಿದೆ, ಯಾರ ಕಣ್ಣು ಬಿತ್ತೋ” ಎಂದು ನನ್ನ ಅತ್ತೆ ದೃಷ್ಟಿ ತೆಗೆಸಿಕೊಳ್ಳುತ್ತಿದ್ದರು. ಯಾರ ಕಣ್ಣೂ ಬಿದ್ದಿರಲಿಲ್ಲ. ಇನ್ನೊಂದು, ಎಳೆ ತೆಳುವಾಗುವುದು. ಹೆಂಗಸರಲ್ಲಿ ಕೂದಲಿನ ದಪ್ಪ ನಲವತ್ತರ ಆಸುಪಾಸಿನವರೆಗೆ ಹೆಚ್ಚುತ್ತದೆ, ಅಲ್ಲಿಂದ ಇಳಿಯುತ್ತದೆ. ಸಂಖ್ಯೆ ಅದಕ್ಕಿಂತ ಮೊದಲೇ ಕಡಿಮೆಯಾಗತೊಡಗಿರುತ್ತದೆ. ಎರಡೂ ಸೇರಿದಾಗ ನಾಗರಹಾವಿನಂಥ ಹೆರಳು ಇಲಿಬಾಲವಾಗುತ್ತದೆ.

ಮುಟ್ಟು ನಿಲ್ಲುವ ಕಾಲದಲ್ಲಿ, ನಮ್ಮ ದೇಶದಲ್ಲಿ ನಲವತ್ತೈದು ದಾಟಿದ ಮೇಲೆ ಎನ್ನಿ, ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಇಳಿದಂತೆ ಇದು ಚುರುಕಾಗುತ್ತದೆ. ಗಂಡಸರ ಹಣೆ ಹಿಂದೆ ಸರಿಯುತ್ತದೆ, ನಡುನೆತ್ತಿ ಬೋಳಾಗುತ್ತದೆ. ನಮ್ಮದು ಹಾಗಲ್ಲ. ಹಣೆಯ ಅಂಚು ಇದ್ದಲ್ಲೇ ಇರುತ್ತದೆ, ಅಗಲವಾಗುವುದು ಬೈತಲೆ. 1977ರಲ್ಲಿ ಲುಡ್ವಿಗ್ ಎಂಬ ಚರ್ಮವೈದ್ಯರು ಇದನ್ನೇ ಮೂರು ಹಂತಗಳಾಗಿ ಗುರುತಿಸಿದರು. ವೈದ್ಯರು ಈಗಲೂ ಅದನ್ನು ಬಳಸುತ್ತಾರೆ. ಮನೆಯಲ್ಲಿ ಒಂದು ಕೆಲಸ ಮಾಡಿ: ಆರು ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಕೂತು ಮಗಳಿಂದಲೋ ಸೊಸೆಯಿಂದಲೋ ಬೈತಲೆಯ ಫೋಟೊ ತೆಗೆಸಿಕೊಳ್ಳಿ. ಕನ್ನಡಿಗಿಂತ ಅದು ನಂಬಿಗಸ್ತ. ಗೆರೆ ರಸ್ತೆಯಾಗುತ್ತಿದೆ ಎನಿಸಿದರೆ ಚರ್ಮವೈದ್ಯರಲ್ಲಿಗೆ ಹೋಗಿ. ಹಣೆಯ ಅಂಚೇ ಮೇಲೆ ಸರಿಯುತ್ತಿದ್ದು ಹುಬ್ಬು ಕೂಡ ಉದುರುತ್ತಿದ್ದರೆ ಇನ್ನೂ ಬೇಗ ಹೋಗಿ. ಮುಟ್ಟು ನಿಂತವರಲ್ಲಿ ಹೆಚ್ಚಾಗಿ ಕಾಣುವ ಆ ಕಾಯಿಲೆಯನ್ನು ಆಸ್ಟ್ರೇಲಿಯದ ವೈದ್ಯರು 1994ರಲ್ಲಷ್ಟೇ ಗುರುತಿಸಿದರು. ಅದರಲ್ಲಿ ಬುಡದ ಚೀಲವೇ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ.

ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ, ಅದನ್ನು ಎಣಿಸುತ್ತಾ ಕೂರಬೇಡಿ. ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಮುಷ್ಟಿಗಟ್ಟಲೆ ಉದುರಿದರೂ ಅದು ಬಹುಮಟ್ಟಿಗೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಆದರೆ ಸುಸ್ತು, ಮೈಭಾರ, ಚಳಿ ತಡೆಯದಿರುವುದು ಜೊತೆಗಿದ್ದರೆ ಥೈರಾಯ್ಡ್ ಮತ್ತು ಕಬ್ಬಿಣದಂಶದ ಪರೀಕ್ಷೆ ಮಾಡಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿತ್ತು. ಇಂಥ ದೇಶದಲ್ಲಿ ನಾವು ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ನಿನ ಗುಳಿಗೆ ಕೊಳ್ಳುತ್ತೇವೆ! ಬಯೋಟಿನ್ ಕೊರತೆ ತೀರಾ ಅಪರೂಪ. ಮೇಲಾಗಿ ಆ ಗುಳಿಗೆ ಹೊಟ್ಟೆಯಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪು ಬರಬಹುದು. ರಕ್ತ ಕೊಡುವ ಮೊದಲು ವೈದ್ಯರಿಗೆ ಹೇಳಿ.

ಎಣ್ಣೆಯ ಬಗ್ಗೆ ಕೇಳುತ್ತೀರೆಂದು ಗೊತ್ತು. ಕೊಬ್ಬರಿ ಎಣ್ಣೆ ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನು ಕರಗಿ ಹೋಗುವುದನ್ನು ತಡೆಯುತ್ತದೆ. ಇದ್ದ ಕೂದಲನ್ನು ಕಾಪಾಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ದಾಸವಾಳದ ಎಲೆ, ಗರುಗದ ಸೊಪ್ಪು ಹಾಕಿ ಕಾಯಿಸಿದರೆ ಮನೆ ಘಮಘಮಿಸುತ್ತದೆ, ನಾನೂ ಕಾಯಿಸುತ್ತೇನೆ.

ಈಗ ಮತ್ತೆ ಅಜ್ಜಿಯ ತುರುಬಿಗೆ. ನಮ್ಮ ಕಡೆ ಹುಡುಗಿಗೆ ಎರಡು ಹೆರಳು, ಮದುವೆಯಾದವಳಿಗೆ ಒಂದು ಹೆರಳು, ಮಕ್ಕಳು ದೊಡ್ಡವರಾದ ಮೇಲೆ ತುರುಬು. ಐವತ್ತರ ಹೆಂಗಸು ಹೆರಳು ಇಳಿಬಿಟ್ಟರೆ “ಏನವ್ವ, ಇನ್ನೂ ಮದುಮಗಳೇ?” ಎಂಬ ಮಾತು ಬರುತ್ತಿತ್ತು. ಇದನ್ನು ಬರೀ ಕಟ್ಟುಪಾಡು ಎಂದು ನಾನು ಬಹಳ ಕಾಲ ಸಿಟ್ಟು ಮಾಡಿಕೊಂಡಿದ್ದೆ. ನನ್ನದೇ ಹೆರಳು ತೆಳುವಾದ ಮೇಲೆ ಅದರಲ್ಲೊಂದು ಜಾಣತನವೂ ಇದೆ ಎನಿಸಿತು. ಗಿಡ್ಡ, ತೆಳು, ಏರುಪೇರು ತುದಿಯ ಕೂದಲನ್ನು ಹೆರಳು ಬಯಲು ಮಾಡುತ್ತದೆ, ತುರುಬು ಸುತ್ತಿ ಒಳಗಿಡುತ್ತದೆ. ಒಳಗೊಂದು ಚೌರಿ ಇದ್ದರೆ ನಿಂಬೆಹಣ್ಣು ತೆಂಗಿನಕಾಯಿಯಾಗುತ್ತದೆ. ಆದರೆ ಬಿಗಿ ತುರುಬು ಬುಡವನ್ನು ದಿನವಿಡೀ ಜಗ್ಗುತ್ತದೆ. ವರ್ಷಗಟ್ಟಲೆ ಜಗ್ಗಿಸಿಕೊಂಡ ಕಡೆ, ಹಣೆಯ ಮತ್ತು ಕಿವಿಯ ಮುಂದಿನ ಅಂಚಿನಲ್ಲಿ, ಕೂದಲು ಮತ್ತೆ ಬರದಂತೆ ಹೋಗಬಹುದು. ಸಡಿಲ ಕಟ್ಟಿ, ಬೈತಲೆಯನ್ನು ಆಗಾಗ ಅತ್ತಿತ್ತ ಸರಿಸಿ, ಮಲಗುವಾಗ ಬಿಚ್ಚಿ.

ಆ ಕಾಲದಲ್ಲಿ ತುರುಬಿನ ಭಾಗ್ಯವೂ ಎಲ್ಲರಿಗೆ ಇರಲಿಲ್ಲ. ನಮ್ಮ ಓಣಿಯ ಬ್ರಾಹ್ಮಣರ ಮನೆಯೊಂದರಲ್ಲಿ ಕೆಂಪು ಸೀರೆಯ ಮಡಿ ಹೆಂಗಸೊಬ್ಬರಿದ್ದರು. ಹದಿನಾರಕ್ಕೆ ಗಂಡ ಹೋದ ಮೇಲೆ ತಲೆ ಬೋಳಿಸಿದ್ದರಂತೆ. ತಿಂಗಳಿಗೆ ಎರಡು ಸಲ ಹಿತ್ತಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ಆರೇಳು ವರ್ಷದ ನಾನು ಒಂದು ಮಧ್ಯಾಹ್ನ ಅವರ ಹತ್ತಿರ ಕೂತು, ಸೆರಗಿನ ಕೆಳಗೆ ಕೈ ಹಾಕಿ ತಲೆ ಸವರಿದೆ. ಅಂಗೈಗೆ ಉಪ್ಪುಕಾಗದ ತಾಗಿದ ಹಾಗಾಯಿತು. ಅವರು ಬೈಯಲಿಲ್ಲ. “ಬೆಳ್ಳಗಿದೆಯೋ ಕರ್ರಗಿದೆಯೋ ನೋಡಿ ಹೇಳು, ನನಗೆ ಗೊತ್ತಾಗುವುದಿಲ್ಲ” ಎಂದರು. ಕನ್ನಡಿ ನೋಡಬಾರದಿತ್ತು ಅವರು. ನಾನು ಸೆರಗು ಸರಿಸಿ ನೋಡಿ, “ಅರ್ಧ ಅರ್ಧ” ಎಂದೆ. ತಮ್ಮ ತಲೆ ನರೆತ ಸುದ್ದಿ ಅವರಿಗೆ ಸಿಕ್ಕಿದ್ದು ಹೀಗೆ, ಪಕ್ಕದ ಮನೆಯ ಮಗುವಿನ ಬಾಯಿಂದ.

(ಸಭೆಯಲ್ಲಿ ಇಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ನೀರು ಕುಡಿದು ಮುಂದುವರಿಸಿದೆ.)

ನನ್ನ ಕಾಲಕ್ಕೆ ಆ ಕತ್ತಿ ಹೋಯಿತು, ಬಣ್ಣದ ಬ್ರಷ್ ಬಂತು. ನಲವತ್ತೆರಡಕ್ಕೆ ಶುರು ಮಾಡಿದೆ. ಕೂದಲು ತಿಂಗಳಿಗೊಂದು ಸೆಂಟಿಮೀಟರ್ ಬೆಳೆಯುತ್ತದೆಯಲ್ಲ, ಮೂರನೆಯ ವಾರಕ್ಕೆ ಬೈತಲೆಯುದ್ದಕ್ಕೂ ರಂಗೋಲಿ ಎಳೆ ಎಳೆದಂತೆ ಬಿಳಿ ಗೆರೆ. ನಲವತ್ತೈದರಿಂದ ಎಪ್ಪತ್ತರವರೆಗೆ ತಿಂಗಳಿಗೊಮ್ಮೆ ಹಚ್ಚಿದರೆ ಮುನ್ನೂರು ಸಲವಾಯಿತು, ಲೆಕ್ಕ ಹಾಕಿ. ತಂಗಿಯ ಮಗನ ಮದುವೆಯ ಮುನ್ನಾದಿನ ‘ಕಪ್ಪು ಮೆಹಂದಿ’ ಎಂದು ಬರೆದ ಪುಡಿ ತಂದು ಹಚ್ಚಿಕೊಂಡೆ. ಮೆಹಂದಿ ಅಂದರೆ ಗಿಡದ್ದು, ನಿರಪಾಯ ಎಂದು ಪ್ರಾಣಿಶಾಸ್ತ್ರದ ಅಧ್ಯಾಪಕಿಯೇ ನಂಬಿದಳು! ರಾತ್ರಿ ನೆತ್ತಿ ತುರಿಸಿತು. ಬೆಳಿಗ್ಗೆ ಏಳುವಾಗ ಕಣ್ಣು ತೆರೆಯಲಾಗದಷ್ಟು ಮುಖ ಊದಿತ್ತು. ಆ ಮದುವೆಯ ಆಲ್ಬಮ್ಮಿನಲ್ಲಿ ನಾನು ಅಕ್ಷತೆ ಹಾಕುವಾಗಲೂ ತಂಪು ಕನ್ನಡಕ ಹಾಕಿಕೊಂಡಿದ್ದೇನೆ. ಬೀಗರ ಕಡೆಯವರು ಬಹುಶಃ ಇವತ್ತಿಗೂ ನನ್ನನ್ನು ಶೋಕಿಯ ಹೆಂಗಸು ಎಂದುಕೊಂಡಿರಬೇಕು.

ಅಪ್ಪಟ ಮದರಂಗಿ ಕಪ್ಪಾಗಿರುವುದಿಲ್ಲ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಬಿಳಿಗೂದಲಿಗೆ ಕಿತ್ತಳೆ ಕೆಂಪನ್ನು ಮಾತ್ರ ಕೊಡುತ್ತದೆ. ಅದರ ಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿದರೆ ಕಪ್ಪಿನ ಕಡೆ ತಿರುಗುತ್ತದೆ, ಆದರೆ ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಕಾಡಿಗೆಗಪ್ಪಾದರೆ ಅದರಲ್ಲಿ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್‌ಡೈಅಮೀನ್, ಇದೆ ಎಂದೇ ಲೆಕ್ಕ ಹಿಡಿಯಿರಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ರಸಾಯನಶಾಲೆಗಳಿಂದ ಬಂದ ವಸ್ತು ಅದು. ಇಂದಿಗೂ ಹೆಚ್ಚಿನ ಕಪ್ಪು ಬಣ್ಣಗಳ ಜೀವಾಳ ಅದೇ. ಹತ್ತು ವರ್ಷ ಹಚ್ಚಿಯೂ ಏನೂ ಆಗದವರಿಗೆ ಹನ್ನೊಂದನೆಯ ವರ್ಷ ಅಲರ್ಜಿ ಬರಬಹುದು, ನನಗೆ ಬಂದದ್ದು ಹಾಗೆಯೇ. ಹಚ್ಚುವುದೇ ಆದರೆ ಪ್ರತಿ ಸಲವೂ ಎರಡು ದಿನ ಮುಂಚೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಡಬ್ಬಿಯೊಳಗಿನ ಚೀಟಿಯಲ್ಲಿ ಇದನ್ನೇ ಬರೆದಿರುತ್ತಾರೆ. ಆ ಚೀಟಿ ಓದಲು ನಮಗೆ ಕನ್ನಡಕ ಬೇಕು. ಬಣ್ಣ ಹಚ್ಚುವಾಗ ಕನ್ನಡಕ ತೆಗೆದಿರುತ್ತೇವೆ.

ಆಮೇಲೆ ಬಣ್ಣ ಬಿಟ್ಟೆ. ಒಂದು ವರ್ಷ ತಲೆ ಇಳಕಲ್ ಸೀರೆಯ ಹಾಗಿತ್ತು, ಒಡಲೊಂದು ಬಣ್ಣ, ಸೆರಗೊಂದು ಬಣ್ಣ. ಹೊಸ ಬಿಳಿಗೂದಲು ಒರಟೆನಿಸಿತು. ವಯಸ್ಸಾದಂತೆ ನೆತ್ತಿಯ ಸಹಜ ಜಿಡ್ಡು ಕಡಿಮೆಯಾಗುವುದರಿಂದ ಹಾಗಾಗುತ್ತದೆ, ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಎರೆದುಕೊಂಡರೆ ಮಾತು ಕೇಳುತ್ತದೆ. ಮಾತು ಕೇಳದವರು ಮನುಷ್ಯರು. ಕಾಯಿಪಲ್ಯ ಮಾರುವ ಹುಡುಗ ನನ್ನನ್ನು ಅಕ್ಕ ಎನ್ನುತ್ತಿದ್ದವನು ಒಂದೇ ಜಿಗಿತಕ್ಕೆ ಅಜ್ಜಿ ಎಂದ. ನಡುವೆ ಅಮ್ಮ ಎಂಬ ನಿಲ್ದಾಣವೇ ಬರಲಿಲ್ಲ. ಬಿಳಿ ತಲೆಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ ಎಂಬ ಆಸೆಯೊಂದಿತ್ತು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ತುಂಬ ನಮ್ಮಂಥ ಬಿಳಿ ತಲೆಗಳೇ, ಯಾರಿಗೆ ಯಾರು ಬಿಡುವುದು?

ನರೆಯ ಜೊತೆಗೆ ನೌಕರಿಯ ಪ್ರಶ್ನೆಯೂ ಇದೆ. ಕೆನಡಾದ ಸಿ.ಟಿ.ವಿ. ವಾಹಿನಿಯಲ್ಲಿ ಲೀಸಾ ಲಾಫ್ಲಾಮ್ ಎಂಬ ಹೆಸರಾಂತ ವಾರ್ತಾ ನಿರೂಪಕಿ ಕೊರೋನಾ ಕಾಲದಲ್ಲಿ ಪಾರ್ಲರ್ ಮುಚ್ಚಿದ್ದರಿಂದ ಬಣ್ಣ ಬಿಟ್ಟು ಬಿಳಿಗೂದಲಲ್ಲೇ ಸುದ್ದಿ ಓದಿದರು. 2022ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಅವರ ಒಪ್ಪಂದವನ್ನು ಕೊನೆಗೊಳಿಸಲಾಯಿತು. ಕೂದಲಿಗೂ ಅದಕ್ಕೂ ಸಂಬಂಧವಿಲ್ಲ ಎಂದಿತು ಕಂಪನಿ. ದೇಶದ ಹೆಂಗಸರು ಅದನ್ನು ನಂಬಲು ಸಿದ್ಧರಿರಲಿಲ್ಲ. ನಮ್ಮ ಟಿ.ವಿ.ಗಳಲ್ಲಿ ಆ ಜಗಳಕ್ಕೆ ಅವಕಾಶವೇ ಕಡಿಮೆ: ನರೆತ ನಿರೂಪಕರು ಕಾಣುತ್ತಾರೆ, ನರೆತ ನಿರೂಪಕಿಯರನ್ನು ಹುಡುಕಬೇಕು. ಹಾಗೆಂದು ಬಣ್ಣ ಹಚ್ಚುವವರನ್ನು ಹಗುರವಾಗಿ ಕಾಣುವುದು ನನ್ನ ಜಾಯಮಾನವಲ್ಲ. ನನ್ನ ತಂಗಿಗೆ ಅರವತ್ತೊಂದು. ಅಂಗಡಿಯ ಗಲ್ಲೆಯ ಮೇಲೆ ಕೂರುತ್ತಾಳೆ. “ಬಿಳಿ ತಲೆ ಕಂಡರೆ ಚೌಕಾಸಿ ಜಾಸ್ತಿ ಮಾಡುತ್ತಾರೆ ಅಕ್ಕ” ಎನ್ನುತ್ತಾಳೆ. ಅವಳ ಲೆಕ್ಕ ಅವಳಿಗೆ ಗೊತ್ತು.

ಕೂದಲು ಕತ್ತರಿಸುವುದೂ ಅಷ್ಟೇ. ತೆಳುವಾದ ಕೂದಲು ಗಿಡ್ಡವಿದ್ದರೆ ತನ್ನ ಭಾರಕ್ಕೆ ತಾನೇ ಜೋತು ಬೀಳುವುದಿಲ್ಲ, ತುಂಬಿದಂತೆ ಕಾಣುತ್ತದೆ. ಭುಜ ನೋವಿನಿಂದ ಕೈ ಹಿಂದಕ್ಕೆ ಹೋಗದವರಿಗೆ ಅದೇ ಸಲೀಸು. ನನ್ನ ಪರಿಚಿತರೊಬ್ಬರು ಗಿಡ್ಡ ಮಾಡಿಸಿಕೊಳ್ಳಲು ಮನೆಯವರಿಗೆ ಹೆದರಿ, ತಿರುಪತಿಗೆ ಹೋಗಿ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟು ಬಂದರು. ದೇವರ ಹೆಸರು ಬಂದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಅವರು ಕೂದಲನ್ನು ಎರಡು ಅಂಗುಲಕ್ಕಿಂತ ಮೇಲೆ ಬೆಳೆಯಲು ಬಿಟ್ಟೇ ಇಲ್ಲ.

ಅಜ್ಜಿಯ ಮಾಡದ ಚೀಲ ನೆನಪಿದೆಯೇ? ಅವಳಿಗೆ ಚೌರಿ ಸಾಕೆನಿಸಿದ ಮೇಲೆ ಉಂಡೆಗಳು ಓಣಿಗೆ ಬರುವ ವ್ಯಾಪಾರಿಯ ಬುಟ್ಟಿಗೆ ಹೋಗುತ್ತಿದ್ದವು, ಬದಲಿಗೆ ಪಿನ್ನು, ಸೂಜಿ, ಒಮ್ಮೊಮ್ಮೆ ಒಂದು ಬಟ್ಟಲು. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಕೊಪ್ಪಳದಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಊರಿಗೆ ಹೊಂದಿಕೊಂಡ ಭಾಗ್ಯನಗರ ಕೂದಲಿನ ಉದ್ಯಮಕ್ಕೆ ಹೆಸರಾದ ಊರು. ಹೆಂಗಸರು ಕೂತು ಸಿಕ್ಕುಗಟ್ಟಿದ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟುತ್ತಾರೆ. ಬಿಳಿ ಎಳೆಯನ್ನು ಬೇರೆ ಮಾಡುವುದೂ ಕೈಯಲ್ಲೇ. ನಲವತ್ತಕ್ಕೇ ಕಣ್ಣು ಮಂಜಾಗುವ ಕೆಲಸ. ಕಚ್ಚಾ ಕೂದಲು ಹಾಗೆಯೇ ಹೊರದೇಶಕ್ಕೆ ಸಾಗುತ್ತಿದೆ, ಇಲ್ಲಿನವರಿಗೆ ಕೆಲಸ ಸಿಗುತ್ತಿಲ್ಲ ಎಂಬ ದೂರಿನ ಮೇಲೆ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದರ ರಫ್ತಿಗೆ ನಿರ್ಬಂಧ ಹಾಕಿತು. ನಮ್ಮ ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿಕೊಂಡದ್ದಕ್ಕೆ ದೆಹಲಿಯಲ್ಲಿ ಅಧಿಸೂಚನೆ!

ಇಷ್ಟು ಹೇಳಿ ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಅಷ್ಟರಲ್ಲಿ ಚೌರಿ ಕೊನೆಯ ಸಾಲು ಮುಟ್ಟಿತ್ತು. ಅಲ್ಲಿದ್ದ, ಎಂಬತ್ತು ದಾಟಿದ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡುತ್ತಾ, “ಇಷ್ಟು ಚಂದದ್ದನ್ನು ಡಬ್ಬಿಯಲ್ಲಿ ಯಾಕೆ ಇಟ್ಟಿದ್ದೀಯವ್ವ, ಕಟ್ಟಿಕೊಳ್ಳಬಾರದೇ?” ಎಂದರು. ಒಮ್ಮೆ ನೋಡಿದ್ದೆ, ಜಾರಿ ಬಿತ್ತು, ಚೌರಿ ಹಿಡಿದು ನಿಲ್ಲಲೂ ಗೇಣುದ್ದ ಸ್ವಂತ ಕೂದಲು ಬೇಕು ಎಂದೆ. “ಕಟ್ಟಲು ಬರುವುದಿಲ್ಲ ಎನ್ನು. ಬಾ, ಇಲ್ಲಿ ಕೂರು.” ಎದ್ದು ಬಂದರು. ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸಿ, ಹೆಬ್ಬೆರಳು ಗಾತ್ರದ ಒಂದು ಪುಟ್ಟ ಹೆರಳು ಹೆಣೆದು, ಅದರ ಬುಡಕ್ಕೆ ಚೌರಿ ಸಿಕ್ಕಿಸಿ, ಎರಡು ಸುತ್ತು ತಿರುವಿ, ತಮ್ಮ ತುರುಬಿನಿಂದಲೇ ಎರಡು ಪಿನ್ನು ಕಿತ್ತು ಚುಚ್ಚಿದರು. ಉಳಿದ ಪ್ರಶ್ನೆಗಳಿಗೆಲ್ಲ ನಾನು ಕತ್ತು ಅಲುಗಿಸದೆ ಉತ್ತರ ಕೊಟ್ಟೆ.